ಪಾಲಿಗೆ ಬಿಟ್ಟ ಆಡು

ಸವಣೂರು
9 ಜನವರಿ 2023

ಶಾರೂ,

ಈ ಕಾಗದ ಕಂಡು ನೀನು ಮೊದಲು ನಗುತ್ತೀಯೆಂದು ಗೊತ್ತು. ಮನೆಯಲ್ಲಿ ಮೊಬೈಲು ಇಟ್ಟುಕೊಂಡು ಅಂಚೆ ಡಬ್ಬಿ ಹುಡುಕಿಕೊಂಡು ಹೋಗುವವಳು ಈ ಕಾಲದಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ, ನಮ್ಮ ಮನೆಯ ಮೊಬೈಲು ಎಲ್ಲರದ್ದು. ಒಬ್ಬರು ಮಾತಾಡಿದರೆ ಮನೆಮಂದಿಯೆಲ್ಲ ಕೇಳುತ್ತಾರೆ. ಆಡಿನ ವಿಷಯ ನನ್ನ ಗಂಡನ ಕಿವಿಗೆ ಬಿತ್ತೋ, ಮುಗಿಯಿತು.

ಖಲಂದರ ಕೆಟ್ಟ ಮನುಷ್ಯ ಅಲ್ಲ, ನಿನಗೆ ಗೊತ್ತೇ ಇದೆ. ಬಸ್‌ಸ್ಟ್ಯಾಂಡಿನ ಹತ್ತಿರ ವೀಳ್ಯದೆಲೆ ಮಾರಿಕೊಂಡು ಕೂತ ಅವರ ಮುಂದೆ ಯಾರು ಬಂದು ಕಣ್ಣೀರು ಹಾಕಿದರೂ ಕಿಸೆಗೆ ಕೈ ಹೋಗುತ್ತದೆ. ಸೀರೆಗೆ ಕುಚ್ಚು ಕಟ್ಟಿ ಕಟ್ಟಿ ನಾನು ಅಕ್ಕಿ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದ ದುಡ್ಡು ಹೋದ ವರ್ಷ ಅವರ ಗೆಳೆಯನ ತಂಗಿಯ ಮದುವೆಗೆ ಹೋಯಿತು. ಅದಕ್ಕಿಂತ ಮೊದಲಿನದು ಯಾರದೋ ಆಪರೇಷನ್ನಿಗೆ. ಕೇಳಿದರೆ, "ಪುಣ್ಯದ ಕೆಲಸ ಐತಲ್ಲ ರೆಹಾನ, ಯಾಕ ಸಿಟ್ಟು ಮಾಡ್ತಿ?" ಎನ್ನುತ್ತಾರೆ. ಪುಣ್ಯವೆಲ್ಲ ಅವರಿಗೆ, ಸೂಜಿ ಚುಚ್ಚಿಕೊಂಡ ಬೆರಳು ಮಾತ್ರ ನನ್ನದು!

ಅದಕ್ಕೇ ಈ ಸಲ ದುಡ್ಡನ್ನು ಡಬ್ಬಿಯಲ್ಲಿ ಇಡದೆ ಆಡು ಮಾಡಿ ನಿನ್ನ ಹಿತ್ತಲಿಗೆ ಕಟ್ಟಿ ಬಂದೆ. ಸವಣೂರಿನಲ್ಲಿ ಯಾರು ಎಷ್ಟು ಅತ್ತರೂ ಮಾಸೂರಿನ ಆಡು ಕಿಸೆಯಿಂದ ಹೊರಗೆ ಬರುವುದಿಲ್ಲ.

ಹಿರೇಕೆರೂರು ಸಂತೆಯಲ್ಲಿ ಟೆಂಪೋಗೆ ಹತ್ತಿಸುವಾಗ ತಗಡಿಗೆ ಸಿಕ್ಕು ಅದರ ಎಡಗಿವಿ ಸೀಳಿತಲ್ಲ, ಅರಿಷಿಣ ಹಚ್ಚಿದೆಯಾ? ಅದು ಕೂಗಿದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ಉತ್ತರವನ್ನು ಮನೆಗೆ ಬರೆಯಬೇಡ. ನಾನು ಕೂತು ಹೊಲಿಯುವ ಜಯಶ್ರೀ ಅಕ್ಕನ ಅಂಗಡಿಯ ವಿಳಾಸ ಈ ಕಾಗದದ ಹಿಂಬದಿಗೆ ಬರೆದಿದ್ದೇನೆ.

ನಿನ್ನ
ರೆಹಾನ

---

ಮಾಸೂರು
2 ಫೆಬ್ರುವರಿ 2023

ಏನವಾ ರೆಹಾನ,

ನೀ ಬರದದ್ದು ಪುಸ್ತಕದಾಗಿನ ಕನ್ನಡ. ಸಾಲ್ಯಾಗೂ ನೀನ ಶಾಣ್ಯಾಕಿ, ನಾ ನಿನ್ನ ಪಾಟಿ ನೋಡಿ ಬರಿಯಾಕಿ. ಈಗ ನೋಡಿ ಬರಿಯಾಕ ನೀ ಮಗ್ಗಲದಾಗ ಇಲ್ಲ. ಮಾತಾಡಿದಂಗ ಬರೀತೇನಿ, ನಕ್ಕರ ನಗು.

ನಿನ್ನ ಆಡು ಆರಾಮ ಐತಿ. ಅರಿಷಿಣ ಹಚ್ಚೇನಿ. ಗಾಯ ಮಾಯ್ದೈತಿ, ಆದ್ರ ಕಿವಿ ಎರಡು ಸೀಳಾಗಿ ಹಂಗ ಉಳದೈತಿ. ನನ್ನ ಆಡೂ ಕರೀದು, ನಿಂದೂ ಕರೀದು. ದೂರಿಂದ ನೋಡಿದ್ರ ನಮ್ಮ ಮನಿಯವರಿಗೂ ಗುರುತು ಹತ್ತಂಗಿಲ್ಲ. ನಾನು ಕಿವಿ ನೋಡಿ ಹೇಳ್ತೇನಿ, ಇದು ರೆಹಾನಂದು, ಇದು ನಂದು ಅಂತ.

ಪಾಲಿನ ಮಾತು ಬಾಯಿಲೆ ಆಡಿದ್ವಿ, ಈಗ ಬರದೂ ಕೊಡ್ತೇನಿ, ನಾಳೆ ನನ್ನ ಕೂಡ ಜಗಳ ತಗೀಬ್ಯಾಡ. ತಾಯಿ ನಿಂದು. ಮೇವು, ಕಾಯೂದು ನಂದು. ಮರಿ ಹಾಕಿದ್ರ ಅರ್ಧಾ ನಿಂದು, ಅರ್ಧಾ ನಂದು. ಆಡು ಸತ್ತರ ಸಾಕಿದಾಕಿ ಅದರ ಕಿವಿ ಕೊಯ್ದು ತಂದು ಒಡತಿಗೆ ತೋರಸಬೇಕು. ಕಿವಿ ನೋಡಿದ ಮ್ಯಾಲ ಒಡತಿ ಒಂದು ಮಾತೂ ಕೇಳಂಗಿಲ್ಲ, ಸಾಕಿದಾಕಿ ದಂಡ ಕೊಡಂಗಿಲ್ಲ. ನಮ್ಮಪ್ಪನ ಕಾಲದಿಂದ ಹಿಂಗ ನಡದೈತಿ. ಕಿವಿ ತೋರಸಲಿಲ್ಲ ಅಂದ್ರ ಮಾರಿ ತಿಂದಾರ ಅಂತ ತಿಳೀತಾರ.

ಅಯ್ಯ, ಕೆಟ್ಟ ಮಾತು ಬರದೆ. ಬಿಡ್ತು ಅನ್ನು. ನಿನ್ನ ಆಡು ಗಬ್ಬ ಆಗೂ ಹಂಗ ಕಾಣಸ್ತೈತಿ.

ಶಾರವ್ವ

---

ಸವಣೂರು
12 ಜೂನ್ 2023

ಶಾರೂ,

ಇಲ್ಲಿ ಮೊದಲ ಮಳೆ ಬಿತ್ತು. ಅಂಗಡಿಯ ಎದುರಿನ ಬೇವಿನ ಮರದ ಕೆಳಗೆ ಹಣ್ಣು ಉದುರಿ ಹಾಸಿದೆ. ಯಾರೂ ಆರಿಸುವವರಿಲ್ಲ, ಜನ ತುಳಿದುಕೊಂಡೇ ಹೋಗುತ್ತಾರೆ. ನನಗೆ ಮಾತ್ರ ಕಾಲಿಡಲು ಆಗಲಿಲ್ಲ, ಸುತ್ತು ಹಾಕಿ ಬಂದೆ. ಜಯಶ್ರೀ ಅಕ್ಕ, "ಏನ್ ಹುಡುಕಾಕತ್ತಿ?" ಎಂದರು. "ಬಳಿ ಹುಡುಕಾಕತ್ತೇನಿ ಅಕ್ಕಾ" ಎಂದೆ. ಅವರಿಗೆ ಏನು ತಿಳಿಯಬೇಕು!

ನಿನಗೆ ನೆನಪಿದೆಯಲ್ಲ? ಮದಗದ ಕೆರೆಯ ಏರಿ ಹತ್ತಿರದ ಬೇವಿನ ಮರಗಳು. ರಜೆ ತುಂಬ ನಾವಿಬ್ಬರೂ ಬೀಜ ಆರಿಸಿ, ತಿಕ್ಕಿ ತೊಳೆದು, ನಿಮ್ಮ ಮಾಳಿಗೆಯ ಮೇಲೆ ಒಣಗಿಸಿ ಹೊಳಬಸಪ್ಪನ ಅಂಗಡಿಗೆ ಮಾರಲು ಹೊತ್ತುಕೊಂಡು ಹೋಗುತ್ತಿದ್ದೆವು. ಊಟಕ್ಕೆ ಕೂತರೆ ಕೈಯೆಲ್ಲ ಕಹಿ. ನಮ್ಮಮ್ಮ, "ಈ ಹುಡುಗಿ ಮುಟ್ಟಿದ ಸಕ್ಕರೇನೂ ಕಹಿ ಆಗ್ತೈತಿ" ಎಂದು ಬೈಯುತ್ತಿದ್ದಳು. ಆ ದುಡ್ಡಿಗೆ ಒಂದೇ ಡಜನ್ ಬಳೆ ಬಂತು. ಅರ್ಧ ನಿನಗೆ, ಅರ್ಧ ನನಗೆ. ಒಂದು ಕೈಗೆ ಸಾಕು, ಎರಡು ಕೈಗೆ ಸಾಲದು. ಆಗ ನೀನು ಎಡಗೈಗೆ ಹಾಕಿಕೊಂಡೆ, ನಾನು ಬಲಗೈಗೆ ಹಾಕಿಕೊಂಡೆ. ಖಾಲಿ ಕೈಗಳನ್ನು ಒಳಗೆ ಮಾಡಿ, ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಶಾಲೆಗೆ ಹೋದೆವು. ನೋಡಿದವರಿಗೆ ಇಬ್ಬರ ಕೈಯೂ ತುಂಬಿದ ಹಾಗೆಯೇ ಕಂಡಿತ್ತು. ಅಷ್ಟು ಜಂಬ ಆಮೇಲೆ ನನ್ನ ಮದುವೆಯ ಬಳೆ ತೊಟ್ಟಾಗಲೂ ಬರಲಿಲ್ಲ ಕಣೇ.

ಈಗ ಒಂದು ಗುಟ್ಟು ಹೇಳುತ್ತೇನೆ. ನನಗೆ ನನ್ನದೇ ಆದ ಪಿಕೋ ಮಷೀನು ಬೇಕು. ಸೀರೆಯ ಅಂಚು ಹೊಲಿಯುವುದು, ಫಾಲ್ ಹಚ್ಚುವುದು, ಕುಚ್ಚು ಕಟ್ಟುವುದು ಎಲ್ಲ ನನಗೆ ಬರುತ್ತದೆ. ಆದರೆ ಇಷ್ಟು ವರ್ಷವೂ ಇನ್ನೊಬ್ಬರ ಮಷೀನಿನ ಮುಂದೆ ಕೂತು ಕೂಲಿ ತಗೊಂಡಿದ್ದೇನೆ. ನಮ್ಮ ಮನೆಯ ಬೀದಿಬಾಗಿಲಿನ ಕಿಟಕಿ ಹತ್ತಿರ ಅದಕ್ಕೆ ಜಾಗವನ್ನೂ ನೋಡಿಟ್ಟಿದ್ದೇನೆ. ಆಡಿನ ಮರಿಗಳು ಬೆಳೆದರೆ ಅಲ್ಲಿಗೆ ಮಷೀನು ಬರುತ್ತದೆ.

ಆಡು ಮರಿ ಹಾಕುವ ದಿನ ಹತ್ತಿರ ಬಂತಲ್ಲ? ಬೇಗ ಬರೆ.

ರೆಹಾನ

---

ಸವಣೂರು
27 ಜುಲೈ 2023

ಶಾರೂ,

ಯಾಕೆ ಸುಮ್ಮನಾದೆ? ಅಂಚೆಯಣ್ಣ ಅಂಗಡಿಗೆ ಬಂದಾಗಲೆಲ್ಲ ನಾನು ಸೂಜಿ ಬಿಟ್ಟು ಎದ್ದು ನಿಲ್ಲುತ್ತೇನೆ. ಅವನೂ ಈಗ ದೂರದಿಂದಲೇ ಕೈ ಆಡಿಸಿ ಇಲ್ಲ ಎನ್ನುತ್ತಾನೆ.

ಆಡಿನ ಚಿಂತೆಯಿಂದ ಬರೆಯುತ್ತಿದ್ದೇನೆ ಎಂದು ತಿಳಿಯಬೇಡ, ನಿನ್ನ ಚಿಂತೆ. ಸುಳ್ಳು ಯಾಕೆ ಹೇಳಲಿ, ಆಡಿನ ಚಿಂತೆಯೂ ಇದೆ. ಒಂದು ಗೆರೆ ಬರೆ, ಸಾಕು.

ರೆಹಾನ

---

ಮಾಸೂರು
19 ಆಗಸ್ಟ್ 2023

ರೆಹಾನ,

ಹಾನಗಲ್ಲಿಗೆ ಹೋಗಿದ್ದೆ, ಮಗಳು ಸವಿತಾನ ಬಾಣಂತನ ಇತ್ತು. ಅದಕ್ಕ ಬರಿಯಾಕ ಆಗಲಿಲ್ಲ.

ನಿನ್ನ ಆಡು ಆರಾಮ ಐತಿ. ಎರಡು ಮರಿ ಹಾಕೈತಿ, ಎರಡೂ ಗಂಡು.

ನನ್ನ ಆಡು ಹೋತು. ಹಗ್ಗಾ ಕಡಕೊಂಡು ಒಳಗ ಹೊಕ್ಕು, ಬಿತ್ತಾಕ ಇಟ್ಟಿದ್ದ ಗೊಂಜಾಳದ ಕಾಳು ತಿಂದಿತ್ತು. ಹೊಟ್ಟಿ ಉಬ್ಬಿ ಸತ್ತಿತು. ಮರಿ ಹೊಟ್ಟ್ಯಾಗ ಇದ್ವು. ಆಗೂದು ಆತು.

ಮಳಿ ಚಲೋ ಆಗೈತಿ. ಮತ್ತೇನಿಲ್ಲ.

ಶಾರವ್ವ

---

ಸವಣೂರು
3 ಸೆಪ್ಟೆಂಬರ್ 2023

ಶಾರೂ,

ನಿನ್ನ ಕಾಗದ ಓದಿ ಒಮ್ಮೆ ಕುಣಿಯುವಷ್ಟು ಖುಷಿಯಾಯಿತು, ಮರುಗಳಿಗೆಯಲ್ಲಿ ನನ್ನ ಮೇಲೆ ನನಗೇ ಹೇಸಿಕೆಯಾಯಿತು. ಒಂದೇ ಹಿತ್ತಲಿನಲ್ಲಿ ಕಟ್ಟಿದ್ದ ಎರಡು ಆಡಿನಲ್ಲಿ ನಿನ್ನದು ಹೋಗಿ ನನ್ನದು ಉಳಿಯಿತಲ್ಲ, ಅಲ್ಲಾಹ ನನ್ನ ಕಡೆ ಕಣ್ಣು ಬಿಟ್ಟ ಎಂದುಕೊಂಡೆ. ನಿನ್ನ ಎದುರಿಗೆ ಆಡಲಾರದ ಮಾತು ಇದು. ಬರೆದುಬಿಟ್ಟಿದ್ದೇನೆ, ಬೈ.

ನೀನು ಅಷ್ಟು ಚುಟುಕಾಗಿ ಬರೆದದ್ದು ನೋಡಿದರೇ ಗೊತ್ತಾಗುತ್ತದೆ, ನನ್ನ ಮೇಲೆ ನಿನಗೆ ಒಳಗೊಳಗೇ ಬೇಸರ ಇದೆ. ಇರುವುದೇ. ಅದಕ್ಕೆ ಹೇಳುತ್ತೇನೆ, ಪಾಲಿನ ಮಾತು ಬದಿಗಿಡು. ಈ ಸಲದ ಎರಡೂ ಮರಿ ನೀನೇ ಇಟ್ಟುಕೋ. ನನ್ನ ಮಷೀನು ಇನ್ನೊಂದು ವರ್ಷ ತಡೆಯುತ್ತದೆ.

ಮರಿಗಳದೊಂದು ಫೋಟೋ ಕಳಿಸುತ್ತೀಯಾ? ತಾಯಿಯದ್ದೂ. ಅದರ ಸೀಳು ಕಿವಿ ನೋಡಬೇಕು.

ರೆಹಾನ

---

ಮಾಸೂರು
10 ಜೂನ್ 2024

ರೆಹಾನ,

ನಿನ್ನ ತಮ್ಮ ತನ್ವೀರ ಗೊಂಜಾಳದ ಲಾರಿ ತಗೊಂಡು ಹಿರೇಕೆರೂರಿಗೆ ಬಂದಿದ್ದ. ಅವನ ಕೈಯಾಗ ನಿನ್ನ ಪಾಲು ಕೊಟ್ಟು ಕಳಿಸೇನಿ. ಬಕ್ರೀದು ಮುಂದ ಇತ್ತು, ಮರಿಗೆ ಚಲೋ ದರ ಬಂತು. ನೀ ಅಂದಂಗ ಎರಡೂ ನಾ ಇಟ್ಕೊಂಡ್ರ ಅದು ಪಾಲು ಅಲ್ಲ, ದಾನ ಧರ್ಮ ಆಗ್ತೈತಿ. ನಿನ್ನ ಧರ್ಮ ನಿನ್ನ ಗಂಡಗ ಕೊಡು, ಅವರಿಗೆ ರೂಢಿ ಐತಿ. ನನಗ ಬ್ಯಾಡ.

ಬೇಸರ ಗೀಸರ ಏನೂ ಇಲ್ಲ ನನಗ. ಹುಚ್ಚಿ ನೀ. ಫೋಟೋ ಆಗಂಗಿಲ್ಲ, ನನ್ನ ಫೋನು ಗಂಟಿ ಬಾರಸೂದು ಬಿಟ್ರ ಮತ್ತೇನೂ ಮಾಡಂಗಿಲ್ಲ.

ಬೇವಿನ ಗಿಡದಾಗ ಅರ್ಧಾ ಕಡದಾರ, ಏರಿ ರಸ್ತೆ ಅಗಲ ಮಾಡ್ಯಾರ. ಉಳದದ್ದರ ಬುಡಕ ಬೀಜ ಬಿದ್ದಾವ. ನಾನೂ ಸುತ್ತ ಹಾಕಿ ಬಂದೆ. ನಿನ್ನ ಕಾಗದಾ ಓದಿದ ಮ್ಯಾಲ ನನಗೂ ತುಳಿಯಾಕ ಆಗವಲ್ದು.

ಶಾರವ್ವ

---

ಸವಣೂರು
5 ಜನವರಿ 2025

ಶಾರೂ,

ಜಯಶ್ರೀ ಅಕ್ಕ ಅಂಗಡಿ ಮುಚ್ಚುತ್ತಾರೆ. ಕಣ್ಣು ಮಬ್ಬಾಗಿದೆ, ಶಿಗ್ಗಾವಿಯಲ್ಲಿರುವ ತಂಗಿಯ ಹತ್ತಿರ ಹೋಗಿ ಇರುತ್ತಾರಂತೆ. "ಮಷೀನು ನಿನ್ನ ಕೈಗೆ ಹೊಂದೇತಿ ರೆಹಾನ, ನೀನ ತಗೋ. ಈ ತಿಂಗಳಾಗ ಆಗಲಿಲ್ಲ ಅಂದ್ರ ಬ್ಯಾರೆಯವರು ಕೇಳ್ಯಾರ" ಎಂದರು.

ಮಷೀನು ಬೇರೆಯವರ ಕೈಗೆ ಹೋದರೆ ಅದರ ಜೊತೆ ನನ್ನ ಕೆಲಸವೂ ಹೋಯಿತು. ಮತ್ತೆ ಮನೆಯಲ್ಲಿ ಕೂತು ಕುಚ್ಚು ಕಟ್ಟುವುದು, ಅಕ್ಕಿ ಡಬ್ಬಿ, ಯಾರದೋ ಮದುವೆ.

ಮರಿಗಳಿಂದ ಬಂದದ್ದನ್ನೂ ಕುಚ್ಚಿನಿಂದ ಉಳಿಸಿದ್ದನ್ನೂ ಅಕ್ಕನ ಹತ್ತಿರವೇ ಇಟ್ಟಿದ್ದೆ. ಎಲ್ಲ ಕೂಡಿ ಅರ್ಧದ ಹತ್ತಿರ ಬರುತ್ತದೆ. ಉಳಿದದ್ದಕ್ಕೆ ಆಡನ್ನು ಮಾರದೆ ಗತಿಯಿಲ್ಲ. ಮಾರಿಬಿಡು ಶಾರೂ. ಗಬ್ಬವಾಗಿದ್ದರೆ ಇನ್ನಷ್ಟು ಬರುತ್ತದೆ, ಅಲ್ಲವೇ? ಕೊನೆಯ ಸಲ ಒಮ್ಮೆ ಅದರ ಮುಖ ನೋಡಬೇಕು, ನಾನೇ ಬರುತ್ತೇನೆ.

ರೆಹಾನ

---

ಮಾಸೂರು
16 ಜನವರಿ 2025

ರೆಹಾನ,

ಮಾರ್ತೇನಿ. ಗಬ್ಬ ಐತಿ. ಸಂತಿಗೆ ಹೊಡಕೊಂಡು ಹೋಗೂದೂ ಬ್ಯಾಡ, ವ್ಯಾಪಾರಸ್ಥಗ ಮನಿಗೇ ಬಾ ಅಂತ ಹೇಳೇನಿ. ತನ್ವೀರನ ಕೈಯಾಗ ಎಲ್ಲಾ ಕಳಸ್ತೇನಿ.

ನೀ ಬರಬ್ಯಾಡ. ಹಾವೇರಿಗೆ ಇಳದು, ಹಿರೇಕೆರೂರಿಗೆ ಇಳದು, ಯಾಕ ಬೇಕು ಆ ತ್ರಾಸ? ಒಂದು ಆಡಿನ ಮಾರಿ ಏನ್ ನೋಡ್ತಿ? ನಿನ್ನ ಮಷೀನು ಬರಲಿ, ನಾನ ಬಂದು ಅದರ ಮಾರಿ ನೋಡ್ತೇನಿ.

ಶಾರವ್ವ

---

ಸವಣೂರು
2 ಫೆಬ್ರುವರಿ 2025

ಶಾರೂ,

ಬರಬೇಡ ಎಂದರೂ ಬಂದೆ. ನನ್ನನ್ನು ಬಾಗಿಲಲ್ಲಿ ಕಂಡು ನಿನ್ನ ಮುಖ ಸುಣ್ಣದ ಹಾಗೆ ಬಿಳಿಚಿತು. ನಿಮ್ಮ ಮನೆಯಲ್ಲಿ ಏನೋ ಜಗಳ ನಡೆದಿದೆ, ಬರಬಾರದ ಹೊತ್ತಿನಲ್ಲಿ ಬಂದೆನೇನೋ ಎಂದುಕೊಂಡೆ.

ಆಡು ಹಿತ್ತಲಿನಲ್ಲಿತ್ತು. ಅದರ ಎಡಗಿವಿಗೆ ನೀನು ಬಟ್ಟೆ ಸುತ್ತಿದ್ದೆ. "ಕಿವಿಗೆ ಹುಳಾ ಆಗ್ಯಾವ, ಅರಿಷಿಣ ಹಚ್ಚಿ ಕಟ್ಟೇನಿ. ನೀ ಮುಟ್ಟಬ್ಯಾಡ, ಹಾಯ್ತೈತಿ" ಎಂದೆ. ಆಮೇಲೆ ನೀನು ಚಹಾ ಕಾಸಲು ಒಳಗೆ ಹೋದೆ.

ಆಡು ಸುಮ್ಮನಿರುವ ಜಾತಿಯೇ? ಕಂಬಕ್ಕೆ ತಲೆ ತಿಕ್ಕಿ ತಿಕ್ಕಿ ನೀನು ಕಟ್ಟಿದ ಬಟ್ಟೆ ಬೀಳಿಸಿತು. ಬಿದ್ದ ಬಟ್ಟೆಯನ್ನು ತಿನ್ನಲು ಹತ್ತಿತು. ನಾನು ಅದರ ಬಾಯಿಂದ ಎಳೆಯಲು ಹೋದವಳು ಕಿವಿ ನೋಡಿದೆ. ಹುಳವಿಲ್ಲ, ಗಾಯವಿಲ್ಲ. ಸೀಳೂ ಇಲ್ಲ. ಬಾಳೆ ಎಲೆಯ ಹಾಗೆ ಇಡೀ ಕಿವಿ.

ನೀನು ಒಳಗೆ ಲೋಟ ತೊಳೆಯುತ್ತಿದ್ದ ಸದ್ದು ಕೇಳುತ್ತಿತ್ತು. ನಾನು ಬಟ್ಟೆಯನ್ನು ಮತ್ತೆ ಅದರ ಕಿವಿಗೆ ಸುತ್ತಿ ಗಂಟು ಹಾಕಿದೆ. ಚಹಾ ಕುಡಿದೆ. ರೊಟ್ಟಿ, ಪುಂಡಿಪಲ್ಯ ತಿಂದೆ, ಏನೂ ಆಗದವರ ಹಾಗೆ ನಕ್ಕೆ. ವ್ಯಾಪಾರದವನು ಬಂದಾಗ, "ಈ ದರಕ್ಕ ನಮ್ಮ ಆಡು ಕೊಡಂಗಿಲ್ರಿ, ನಡೀರಿ" ಎಂದು ನಾನೇ ಗದರಿಸಿ ಕಳಿಸಿದೆ. ನೀನು, "ಹುಚ್ಚಿ, ಚಲೋ ದರ ಐತಿ, ಮಷೀನು ಹೋಗ್ತೈತಿ" ಎಂದು ನನ್ನ ಕೈ ಹಿಡಿದು ಜಗ್ಗಿದೆ. ಅಳು ಅಲ್ಲಿಯೇ ಬರುತ್ತಿತ್ತು, ತಡೆದುಕೊಂಡೆ. ಹಾವೇರಿಯವರೆಗೆ ಬಸ್ಸಿನಲ್ಲಿ ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಕಂಡಕ್ಟರು ಬಂದು, "ಯಾರರ ತೀರ್ಕೊಂಡಾರೇನ್ರಿ?" ಎಂದು ಕೇಳಿದ. ಹೌದು ಎಂದೆ. ಆಡು ಎಂದು ಹೇಗೆ ಹೇಳಲಿ ಅವನಿಗೆ?

ಸತ್ತದ್ದು ನನ್ನದು. ನಿನ್ನದು ಹೋಯಿತು, ನನ್ನದು ಉಳಿಯಿತು ಎಂದು ನಾನು ಖುಷಿಪಟ್ಟು ಬರೆದ ಆ ಕಾಗದವನ್ನು ನೀನು ಹೇಗೆ ಓದಿದೆಯೇ? ನಿನ್ನ ಮರಿ ಮಾರಿ ನನಗೆ ಪಾಲು ಕಳಿಸಿದೆ. ಈಗ ನಿನ್ನ ಒಂದೇ ಒಂದು ಗಬ್ಬದ ಆಡನ್ನೂ ಮಾರಲು ನಿಂತಿದ್ದೆ. ಸತ್ತ ಆಡಿನ ಕಿವಿ ತಂದು ತೋರಿಸಿದ್ದರೆ ನಾನು ಒಂದು ಮಾತು ಕೇಳುತ್ತಿದ್ದೆನೇ? ಅದನ್ನು ಬಿಟ್ಟು ಬದುಕಿರುವ ಆಡನ್ನೇ ತಂದು ತೋರಿಸಿದೆಯಲ್ಲೇ!

ನನಗೆ ಸಿಟ್ಟು ಬಂದಿದೆ. ನಿಜವಾಗಿಯೂ ಬಂದಿದೆ. ಯಾಕೆ ಹೀಗೆ ಮಾಡಿದೆ?

ರೆಹಾನ

---

ಮಾಸೂರು
10 ಫೆಬ್ರುವರಿ 2025

ರೆಹಾನ,

ಸಿಟ್ಟಾಗು. ಎಷ್ಟು ಬೇಕೋ ಅಷ್ಟು ಆಗು.

ಆವತ್ತ ಕಿವಿ ಕೊಯ್ದು ಇಟ್ಟಿದ್ದೆ. ಸವಣೂರ ಬಸ್ ಹತ್ತಬೇಕು ಅಂತ ಸೀರಿ ಉಟಗೊಂಡು ತಯಾರಾಗಿದ್ದೆ. ಅಷ್ಟರಾಗ ನಿನ್ನ ಕಾಗದ ಬಂತು, ಬಳಿ ಕಾಗದ. ಮಷೀನಿಗೆ ಕಿಟಕಿ ಹತ್ತರ ಜಾಗಾ ನೋಡಿಟ್ಟೇನಿ ಅಂತ ಬರದಿದ್ದಿ. ಅದನ್ನ ಓದಿ ಕಟ್ಟಿ ಮ್ಯಾಲ ಕುಂತಾಕಿ ಏಳಲಿಲ್ಲ. ಬಸ್ಸು ಹೋತು.

ನೀ ಉಳಿಸಿದ್ದೆಲ್ಲಾ ಯಾರ್‍ಯಾರಿಗೋ ಹೋತು. ನಿಂದ ಅಂತ ಇದ್ದದ್ದು ಅದೊಂದ ಆಡು. ನನ್ನ ಹಿತ್ತಲದಾಗ ಇಟ್ರ ಯಾರೂ ಮುಟ್ಟಂಗಿಲ್ಲ ಅಂತ ನಂಬಿ ಬಿಟ್ಟು ಹೋಗಿದ್ದಿ. ಆ ಕಿವಿ ಒಯ್ದು ನಿನ್ನ ಕೈಯಾಗ ಹೆಂಗ ಇಡಲಿ? ನಂದ ಸತ್ತೈತಿ ಅಂತ ತಿಳಕೊಂಡ್ರ ಆತಲ್ಲ, ಕರೀದಕ್ಕ ಕರೀದು ಅಂತ ಮನಸಿನಾಗ ಬದಲ ಮಾಡಿದೆ. ಖರೇ ಹೇಳ್ತೇನಿ, ನೀ ಖುಷಿಪಟ್ಟು ಬರದದ್ದು ಓದಿ ನಾನೂ ಖುಷಿಪಟ್ಟೆ. ಮೊದಲ ಸ್ವಲ್ಪ ಅತ್ತೆ, ಆಮ್ಯಾಲ ಖುಷಿಪಟ್ಟೆ.

ನೀ ಬರ್ತೇನಿ ಅಂದ ಮ್ಯಾಲ ನನ್ನ ಆಡಿನ ಕಿವಿ ಸೀಳಬೇಕು ಅಂತ ಕತ್ತರಿ ತಗೊಂಡಿದ್ದೆ. ಅದು ನನ್ನ ಮಾರಿ ನೋಡ್ತು. ಕೈ ಬರಲಿಲ್ಲ. ಅದಕ್ಕ ಅರಿವಿ ಕಟ್ಟಿದೆ. ಸುಡಲಿ, ಆ ಅರಿವೀನೂ ತಿಂತಲ್ಲ!

ಕಿವಿ ಹೊರಗ ಒಗದಿರಲಿಲ್ಲ. ಉಪ್ಪು ಹಚ್ಚಿ ಒಣಗಿಸಿ ದೇವರ ಗೂಡಿನ ಹಿಂದ ಇಟ್ಟಿದ್ದೆ. ಈ ಕಾಗದದ ಕೂಡ ಅರಿವ್ಯಾಗ ಸುತ್ತಿ ಕಳಿಸೇನಿ. ತಡ ಆತು, ತಪ್ಪು ತಿಳೀಬ್ಯಾಡ. ನೋಡಿಕೋ, ಸೀಳು ಐತಿ.

ರೆಹಾನ, ನಿನ್ನ ಆಡು ಸತ್ತೈತವಾ.

ಮಷೀನು ಹೋತೇನು? ಅದನ್ನ ಬರೀಲಿಲ್ಲ ನೀ.

ಶಾರವ್ವ

---

ಸವಣೂರು
6 ಮಾರ್ಚ್ 2025

ಶಾರೂ,

ಕಿವಿ ಬಂತು. ನೋಡಿದೆ. ಇನ್ನು ನಾನು ಒಂದು ಮಾತೂ ಕೇಳುವುದಿಲ್ಲ. ಹಿತ್ತಲಿನ ಮಲ್ಲಿಗೆ ಬಳ್ಳಿಯ ಬುಡದಲ್ಲಿ ಅದನ್ನು ಹುಗಿದೆ.

ಹುಗಿಯುವಾಗ ನಮ್ಮವರು ಬಂದು, "ಏನದು?" ಎಂದರು. ಸುಳ್ಳು ಹೇಳಿ ಹೇಳಿ ಸಾಕಾಗಿತ್ತು, ಮೊದಲಿನಿಂದ ಕೊನೆಯವರೆಗೆ ಹೇಳಿಬಿಟ್ಟೆ. "ನನಗ ಹೇಳಿದ್ರ ನಾ ಏನ್ ತಿಂದ ಬಿಡ್ತಿದ್ನೇನು?" ಎಂದರು. "ತಿಂತಿರಲಿಲ್ಲ, ಹಂಚತಿದ್ರಿ" ಎಂದೆ. ಮುಖ ಸಣ್ಣದಾಯಿತು. ಮರುದಿನ ಕೈಗಾಡಿ ತಂದು, ಜಯಶ್ರೀ ಅಕ್ಕನ ಅಂಗಡಿಯಿಂದ ಮಷೀನನ್ನು ಅವರೇ ತಳ್ಳಿಕೊಂಡು ಬಂದರು. ಹೌದು ಶಾರೂ, ಮಷೀನು ಬಂತು! ಹೇಳಿದ ತಿಂಗಳು ಮುಗಿದರೂ ಅಕ್ಕ ಅದನ್ನು ಬೇರೆಯವರಿಗೆ ಕೊಟ್ಟಿರಲಿಲ್ಲ. ನಿನ್ನ ಆಡಿನ ಕಥೆ ಕೇಳಿ ಅಕ್ಕ ಕಣ್ಣೊರೆಸಿಕೊಂಡು, "ಅರ್ಧಾ ಕೊಟ್ಟೀಯಲ್ಲ, ಉಳದದ್ದು ಹೊಲದು ಹೊಲದು ಕೊಡು" ಎಂದರು. ಈಗ ಕಿಟಕಿಯ ಹತ್ತಿರ, ನಾನು ನೋಡಿಟ್ಟ ಜಾಗದಲ್ಲೇ ಇದೆ.

ಈಗ ನನ್ನ ಮಾತು ಕೇಳು. ಧರ್ಮ ಗಿರ್ಮ ಎಂದು ಶುರು ಮಾಡಬೇಡ. ಅಕ್ಕನಿಗೆ ಕೊಟ್ಟ ಆ ಅರ್ಧದಲ್ಲಿ ಹೆಚ್ಚಿನದು ನಿನ್ನ ಆಡಿನ ಮರಿಗಳದ್ದು. ಅಂದಮೇಲೆ ಮಷೀನಿನಲ್ಲಿ ನೀನೂ ಒಡತಿ, ನಿನ್ನ ಪಾಲಿನ ಮಷೀನನ್ನು ನಾನು ಸಾಕುತ್ತಿದ್ದೇನೆ. ಎಣ್ಣೆ ಹಾಕುವುದು, ತುಳಿಯುವುದು ನನ್ನದು. ದುಡಿಮೆಯಲ್ಲಿ ಅಕ್ಕನದು ಕಳೆದು ಉಳಿದದ್ದು ಅರ್ಧ ನಿನ್ನದು, ಅರ್ಧ ನನ್ನದು. ಮೊದಲ ಪಾಲು ತನ್ವೀರನ ಕೈಯಲ್ಲಿ ಬರುತ್ತದೆ. ಬೇಡ ಎಂದು ವಾಪಸು ಕಳಿಸಿದೆಯೋ, ನಾನೇ ಬಂದು ನಿನ್ನ ಆಡಿನ ಕಿವಿ ಸೀಳಿ ಹೋಗುತ್ತೇನೆ. ಮರಿ ಹಾಕಿದರೆ ಬರೆ. ಇನ್ನು ಮೇಲೆ ಮನೆಯ ವಿಳಾಸಕ್ಕೇ ಬರೆ, ಖಲಂದರ ಈಗಾಗಲೇ ದಿನಾ ಕೇಳುತ್ತಾರೆ, "ಆಡಿನ ಕಾಗದ ಬಂತೇನು?" ಎಂದು.

ಇನ್ನೊಂದು ಮಾತು. ನಿನ್ನೆ ರೇಷ್ಮೆ ಸೀರೆಯ ದಪ್ಪ ಅಂಚಿಗೆ ಸಿಕ್ಕಿ ಸೂಜಿ ಮುರಿಯಿತು. ನಿಮ್ಮಪ್ಪನ ಕಾಲದಿಂದ ನಡೆದು ಬಂದದ್ದನ್ನು ನಾನು ಮುರಿಯಬಾರದಲ್ಲ? ಒಡತಿಗೆ ತೋರಿಸಬೇಕು ಎಂದು ಅದರ ತುಂಡನ್ನು ಈ ಕಾಗದದಲ್ಲಿ ಚುಚ್ಚಿ ಕಳಿಸಿದ್ದೇನೆ. ತೆಗೆಯುವಾಗ ಬೆರಳು ಜೋಪಾನ. ಹೆದರಬೇಡ, ಮಷೀನು ಬದುಕಿದೆ.

ನಿನ್ನ
ರೆಹಾನ